ಹಸಿವಾಗದವನ ಕೈಗೆ ದಂಡು ಕೊಡಬೇಡಿ

ಡಿಗ್ರಿ ಎರಡನೇ ವರ್ಷದಲ್ಲಿ ಖಾಕಿ ತೊಟ್ಟು ಹತ್ತು ದಿನದ ಒಂದು ಕ್ಯಾಂಪಿಗೆ ಹೋಗಿದ್ದೆ. ಟೆಂಟಿಗೆ ಹತ್ತು ಜನ. ನಮ್ಮ ಟೆಂಟಿನಲ್ಲಿ ಒಬ್ಬ ಹುಡುಗ ಇದ್ದ, ಬೆಳಗಿನ ಫಾಲಿನ್‌ಗೆ, ಅಂದರೆ ಸಾಲಾಗಿ ಬಂದು ನಿಲ್ಲೋದಕ್ಕೆ, ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಒಂದಿನ ಬೂಟಿನ ಲೇಸ್ ಸಿಗಲಿಲ್ಲ, ಇನ್ನೊಂದಿನ ಬೆಲ್ಟು. ಮೂರನೇ ದಿನ ಅವನೊಬ್ಬ ತಡ ಮಾಡಿದ್ದಕ್ಕೆ ಹತ್ತೂ ಜನಕ್ಕೆ ಜಲ್ಲಿ ನೆಲದ ಮೇಲೆ ಫ್ರಂಟ್ ರೋಲ್. ಮೊಣಕೈ ತರಚಿ ರಕ್ತ. ವಿಚಿತ್ರ ಅಂದ್ರೆ ಆ ರಾತ್ರಿ ಯಾರೂ ಅವನಿಗೆ ಬಯ್ಯಲಿಲ್ಲ. ಒಬ್ಬ ಅವನ ಬೂಟಿಗೆ ಪಾಲಿಶ್ ಹಚ್ಚಿಟ್ಟ, ಇನ್ನೊಬ್ಬ ಅವನ ಬೆಲ್ಟನ್ನು ತನ್ನ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ, ನಾನು ನಾಲ್ಕು ಗಂಟೆಗೇ ಎದ್ದು ಅವನ ಕಂಬಳಿ ಎಳೆದೆ. ನಾಲ್ಕನೇ ದಿನದಿಂದ ನಮ್ಮ ಟೆಂಟೇ ಫಾಲಿನ್‌ಗೆ ಮೊದಲು.

ಇದು ನ್ಯಾಯವೋ ಅನ್ಯಾಯವೋ ಅಂತ ಆಗ ಯೋಚಿಸಲಿಲ್ಲ. ಕೆಲಸ ಮಾಡಿತು, ಅಷ್ಟೇ. ಎಷ್ಟೋ ವರ್ಷ ಆದಮೇಲೆ ಮಂಗೋಲರ ಸೈನ್ಯದ ಬಗ್ಗೆ ಓದುವ ಹುಚ್ಚು ಹಿಡಿದಾಗ ಆ ಜಲ್ಲಿ ನೆಲ ಮತ್ತೆ ನೆನಪಾಯ್ತು.

ಮಂಗೋಲರು ಅಂದಕೂಡಲೇ ನಮ್ಮ ತಲೆಗೆ ಬರೋದು ಏನು? ಧೂಳೆಬ್ಬಿಸಿಕೊಂಡು ಬರುವ ಕುದುರೆಗಳ ಹಿಂಡು, ಕೂಗಾಟ, ಕೊಳ್ಳೆ. ಲೆಕ್ಕವಿಲ್ಲದಷ್ಟು ಜನ ನುಗ್ಗಿ ಬಂದರು, ಯಾರಿಗೂ ತಡೆಯೋಕೆ ಆಗಲಿಲ್ಲ ಅಂತ. ನಿಜ ಹೇಳಬೇಕೆಂದರೆ ಅವರು ಜಾಸ್ತಿ ಜನ ಇರಲೇ ಇಲ್ಲ. 1227ರಲ್ಲಿ ಚೆಂಗೀಸ್ ಖಾನ್ ಸತ್ತಾಗ ಅವನ ಸೈನ್ಯ 1,29,000 ಅಂತ ಪರ್ಷಿಯನ್ ಇತಿಹಾಸಕಾರರು ಲೆಕ್ಕ ಕೊಡುತ್ತಾರೆ. ಚೀನಾದ ಉತ್ತರ ಭಾಗದಿಂದ ಕಾಸ್ಪಿಯನ್ ಸಮುದ್ರದವರೆಗೆ ಹಬ್ಬಿದ ರಾಜ್ಯಕ್ಕೆ ಇಷ್ಟು ಜನ ಅಂದ್ರೆ ಏನೇನೂ ಅಲ್ಲ. ಹಾಗಾದರೆ ಗುಟ್ಟು ಏನು? ಬಿಲ್ಲು ಚೆನ್ನಾಗಿತ್ತು, ಕುದುರೆ ಗಟ್ಟಿಯಾಗಿತ್ತು, ಒಬ್ಬೊಬ್ಬ ಸವಾರನ ಹಿಂದೆ ಮೂರೋ ನಾಲ್ಕೋ ಬದಲಿ ಕುದುರೆ ಇರುತ್ತಿದ್ದವು, ಎಲ್ಲ ಸರಿ. ಆದರೆ ಆ ಬಿಲ್ಲು, ಆ ಕುದುರೆ ಅಲ್ಲಿನ ಎಲ್ಲ ಬುಡಕಟ್ಟಿನವರ ಹತ್ತಿರವೂ ಇದ್ದವಲ್ಲ. ತಾತಾರರ ಹತ್ತಿರ ಇದ್ದವು, ಕೆರೈಟರ ಹತ್ತಿರ ಇದ್ದವು, ನೈಮನರ ಹತ್ತಿರ ಇದ್ದವು. ಅವರೆಲ್ಲ ನೂರಾರು ವರ್ಷ ಒಬ್ಬರ ಕುದುರೆ ಒಬ್ಬರು ಕದ್ದುಕೊಂಡು ಕೂತಿದ್ದರು.

ಹೊಸದಾಗಿ ಬಂದದ್ದು ಹತ್ತರ ಲೆಕ್ಕ. ಹತ್ತು ಜನಕ್ಕೆ ಒಂದು ಅರ್ಬನ್, ನೂರಕ್ಕೆ ಜಗುನ್, ಸಾವಿರಕ್ಕೆ ಮಿಂಗನ್, ಹತ್ತು ಸಾವಿರಕ್ಕೆ ತುಮೆನ್. ಹೊಸದು ಅಂತ ಪೂರ್ತಿ ಹೇಳೋಕೂ ಆಗಲ್ಲ, ಆ ಹುಲ್ಲುಗಾವಲಿನಲ್ಲಿ ಹತ್ತು-ನೂರರ ಲೆಕ್ಕ ಮಂಗೋಲರಿಗಿಂತ ಸಾವಿರ ವರ್ಷ ಹಿಂದೆಯೇ ಇತ್ತು. ಚೆಂಗೀಸ್ ಮಾಡಿದ ಹೊಸ ಕೆಲಸ ಬೇರೆ. 1206ರಲ್ಲಿ ಓನನ್ ನದಿ ಹುಟ್ಟುವ ಜಾಗದಲ್ಲಿ ದೊಡ್ಡ ಸಭೆ ಸೇರಿಸಿ, ತಾನು ಗೆದ್ದ ಬುಡಕಟ್ಟುಗಳನ್ನು ಒಡೆದು ಈ ಹತ್ತು-ನೂರು-ಸಾವಿರಗಳಲ್ಲಿ ಹಂಚಿಬಿಟ್ಟ. ಸಾವಿರ ಸಾವಿರ ಆಳುಗಳ 95 ತುಕಡಿ, ಒಂದೊಂದಕ್ಕೆ ಒಬ್ಬ ನಾಯಕ. ತಾತಾರ, ಕೆರೈಟ್, ಮೆರ್ಕಿಟ್ ಅಂತ ಒಂದೇ ಕುಲದವರೆಲ್ಲ ಒಂದೇ ಕಡೆ ಗುಂಪು ಕಟ್ಟಿಕೊಂಡು ನಿಲ್ಲುವ ಹಾಗೇ ಇಲ್ಲ. ಮೊದಲಿನಿಂದ ಜೊತೆಗೆ ಬಂದ ಕೆಲವು ಬೀಗರ ಕುಲಗಳಿಗೆ ಮಾತ್ರ ವಿನಾಯಿತಿ ಕೊಟ್ಟ, ಅವರು ತಮ್ಮವರ ಜೊತೆಗೇ ಉಳಿದರು. ಅದು ಎಲ್ಲ ಕಾಲದಲ್ಲೂ ಇದ್ದದ್ದೇ ಬಿಡಿ.

ಒಮ್ಮೆ ಒಂದು ಹತ್ತಕ್ಕೆ ಸೇರಿಸಿದ ಮೇಲೆ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವ ಹಾಗಿಲ್ಲ. ಹೋದವನಿಗೆ ಸಾವು, ಸೇರಿಸಿಕೊಂಡವನಿಗೂ ಶಿಕ್ಷೆ. ಇದೂ ಸಣ್ಣ ವಿಷಯ ಅಲ್ಲ. ಅದಕ್ಕೂ ಮುಂಚೆ ಆ ಬಯಲಿನಲ್ಲಿ ನಾಯಕ ಸರಿಯಿಲ್ಲ ಅನ್ನಿಸಿದರೆ ರಾತ್ರೋರಾತ್ರಿ ಡೇರೆ ಬಿಚ್ಚಿ ಗಾಡಿ ಮೇಲೆ ಹಾಕಿಕೊಂಡು ಇನ್ನೊಬ್ಬನ ಹತ್ತಿರ ಹೋಗಿಬಿಡುತ್ತಿದ್ದರು. ಚೆಂಗೀಸ್‌ನ ಮೊದಲ ಹೆಸರು ತೆಮುಜಿನ್; ಅವನಿನ್ನೂ ಹುಡುಗನಾಗಿದ್ದಾಗ, ಅಪ್ಪ ಸತ್ತ ಮೇಲೆ, ಅವನ ತಾಯಿಯನ್ನೂ ಮಕ್ಕಳನ್ನೂ ಸ್ವಂತ ಕುಲದವರೇ ಹಾಗೆ ಬಿಟ್ಟು ಹೋಗಿದ್ದರು. ಮರೆತಿರಲಿಕ್ಕಿಲ್ಲ.

ಆ ಹತ್ತು ಜನರ ಕಟ್ಟುಪಾಡು ಎಂಥದ್ದು ಅಂತ ಗೊತ್ತಾಗಿದ್ದು ಪ್ಲಾನೋ ಕಾರ್ಪಿನಿ ಅನ್ನುವ ಪಾದ್ರಿಯಿಂದ. 1245ರಲ್ಲಿ ಪೋಪ್ ಇವನನ್ನು ಮಂಗೋಲರ ಹತ್ತಿರ ದೂತನಾಗಿ ಕಳಿಸಿದ. ಸುಮಾರು ಅರವತ್ತರ ವಯಸ್ಸಿನಲ್ಲಿ ಕುದುರೆ ಹತ್ತಿ ಯುರೋಪಿನಿಂದ ಮಂಗೋಲಿಯಾದವರೆಗೆ ಹೋಗಿ ಬಂದವನು. ಅವನು ಬರೆಯೋದು ಹೀಗೆ: ಹತ್ತರಲ್ಲಿ ಒಬ್ಬನೋ ಇಬ್ಬರೋ ಕಾಳಗದಿಂದ ಓಡಿಹೋದರೆ ಹತ್ತೂ ಜನರನ್ನು ಕೊಲ್ಲುತ್ತಾರೆ. ಒಬ್ಬ ಧೈರ್ಯವಾಗಿ ಮುನ್ನುಗ್ಗಿ ಉಳಿದವರು ಹಿಂದೆ ಹೋಗದಿದ್ದರೆ ಉಳಿದವರಿಗೆ ಸಾವು. ಹತ್ತರಲ್ಲಿ ಒಬ್ಬ ಸೆರೆ ಸಿಕ್ಕಿ ಮಿಕ್ಕವರು ಬಿಡಿಸಿಕೊಂಡು ಬರದಿದ್ದರೆ ಅವರಿಗೂ ಸಾವು. ನಮ್ಮ ಫ್ರಂಟ್ ರೋಲ್ ಇದರ ಮುಂದೆ ಮಕ್ಕಳಾಟ. ಆದರೆ ಒಳಗಿನ ಲೆಕ್ಕ ಅದೇ ಅಲ್ವಾ? ಪಕ್ಕದವನು ನಿನ್ನ ಕುಲದವನಲ್ಲ, ಅವನ ಅಪ್ಪನನ್ನು ನಿನ್ನ ಅಪ್ಪ ಕೊಂದಿರಬಹುದು, ಆದರೆ ಇವತ್ತು ಅವನ ಪ್ರಾಣ ಉಳಿದರೆ ಮಾತ್ರ ನಿನ್ನ ಪ್ರಾಣ. ಒಂದು ಚಳಿಗಾಲ ಒಂದೇ ಬೆಂಕಿಯ ಸುತ್ತ ಕೂತರೆ ಸಾಕು, ಕುಲ ಗಿಲ ಎಲ್ಲ ಮರೆತುಹೋಗುತ್ತೆ.

ಹೆದರಿಕೆ ಒಂದರಿಂದಲೇ ಇದೆಲ್ಲ ನಡೀತು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಹೆದರಿಸಿದರೆ ಜನ ನಿಲ್ಲುತ್ತಾರೆ, ಆದರೆ ಸ್ವಂತ ಬುದ್ಧಿ ಓಡಿಸುವುದಿಲ್ಲ. ಮಂಗೋಲ್ ದಂಡಿನಲ್ಲಿ ಬುದ್ಧಿ ಓಡಿಸಬೇಕಿತ್ತು. 1241ರ ಏಪ್ರಿಲ್ 9ರಂದು ಪೋಲೆಂಡಿನ ಲೆಗ್ನಿಟ್ಸಾದಲ್ಲಿ ಒಂದು ತುಕಡಿ ಗೆದ್ದಿತು, ಏಪ್ರಿಲ್ 11ರಂದು ಸುಮಾರು 500 ಕಿ.ಮೀ. ದೂರದಲ್ಲಿ ಹಂಗೇರಿಯ ಮೋಹಿಯಲ್ಲಿ ಇನ್ನೊಂದು ತುಕಡಿ ರಾಜನ ಸೈನ್ಯವನ್ನೇ ಮುಗಿಸಿತು. ಫೋನಿಲ್ಲ, ವೈರ್‌ಲೆಸ್ ಇಲ್ಲ. ಮೇಲಿನವನ ಅಪ್ಪಣೆಗೆ ಕಾಯುತ್ತಾ ಕೂತವರಿಂದ ಇದು ಆಗುವ ಕೆಲಸ ಅಲ್ಲ.

ಅವರ ತರಬೇತಿಯೇ ಹಾಗಿತ್ತು. ಚಳಿಗಾಲ ಬಂತೆಂದರೆ ನೆರ್ಗೆ ಅನ್ನುವ ದೊಡ್ಡ ಬೇಟೆ. ಇಡೀ ಸೈನ್ಯ ಮೈಲಿಗಟ್ಟಲೆ ಉದ್ದದ ಉಂಗುರದ ಹಾಗೆ ನಿಲ್ಲುತ್ತೆ, ಆಮೇಲೆ ಒಂದೋ ಎರಡೋ ತಿಂಗಳು, ಕೆಲವು ಸಲ ಮೂರು ತಿಂಗಳು, ಮೃಗಗಳನ್ನು ಒಳಗೆ ಕೂಡಿಹಾಕಿಕೊಂಡು ಆ ಉಂಗುರವನ್ನು ಚೂರು ಚೂರೇ ಬಿಗಿ ಮಾಡುತ್ತಾ ಬರಬೇಕು. ರಾತ್ರಿ ಹಗಲು ಸಾಲು ಮುರಿಯಬಾರದು. ಒಂದು ಪ್ರಾಣಿ ತಪ್ಪಿಸಿಕೊಂಡಿತೋ, ಯಾರ ಸಾಲಿನಿಂದ ತಪ್ಪಿತು ಅಂತ ವಿಚಾರಣೆ, ಹತ್ತರ ನಾಯಕನಿಂದ ಸಾವಿರದ ನಾಯಕನವರೆಗೆ ಪೆಟ್ಟು. ಮೊಲ ತಪ್ಪಿಸಿಕೊಂಡರೆ ಸಾವಿರ ಜನರ ನಾಯಕ ಕೋಲಿನೇಟು ತಿನ್ನುವ ದೃಶ್ಯ ಕಲ್ಪಿಸಿಕೊಳ್ಳಿ.

ಇನ್ನು ಆ ನಾಯಕರು ಯಾರು? ಇಲ್ಲೇ ನನಗೆ ಅತಿ ಇಷ್ಟದ ಭಾಗ ಇರೋದು. ಸುಬುತೈ ಕಮ್ಮಾರನ ಮಗ. ಅವನ ಅಪ್ಪ ಹೆಗಲ ಮೇಲೆ ತಿದಿ ಹೊತ್ತುಕೊಂಡು ಬಂದು ದೊಡ್ಡ ಮಗ ಜೆಲ್ಮೆಯನ್ನು ತೆಮುಜಿನ್‌ಗೆ ಒಪ್ಪಿಸಿ, ಇವನು ನಿನ್ನ ಕುದುರೆಗೆ ಜೀನು ಹಾಕಲಿ, ನಿನ್ನ ಬಾಗಿಲು ತೆಗೆಯಲಿ ಅಂದಿದ್ದ. ಆ ಜೆಲ್ಮೆಯ ಹಿಂದೆಯೇ ಬಂದವನು ತಮ್ಮ ಸುಬುತೈ. ಮೇಲೆ ಹೇಳಿದೆನಲ್ಲ ಹಂಗೇರಿ, ಅದರ ಹಿಂದಿನ ತಲೆ ಇವನದ್ದೇ. ಜೆಬೆಯದು ಇನ್ನೂ ಮಜಾ. ಅವನು ಶತ್ರು ಕಡೆಯವನು, 1201ರ ಕಾಳಗದಲ್ಲಿ ತೆಮುಜಿನ್‌ನ ಕುದುರೆಯ ಕುತ್ತಿಗೆಗೆ ಬಾಣ ಹೊಡೆದು ಕೆಡವಿದವನು. ಸೋತು ಶರಣಾದಾಗ, ಬೆಟ್ಟದ ಮೇಲಿಂದ ಬಾಣ ಬಿಟ್ಟವನು ಯಾರು ಅಂತ ಕೇಳಿದರೆ, ನಾನೇ ಅಂದ. ಕೊಂದರೆ ಅಂಗೈ ಅಗಲದ ನೆಲದಲ್ಲಿ ಕೊಳೆಯುತ್ತೇನೆ, ಉಳಿಸಿದರೆ ನಿನಗಾಗಿ ಬಂಡೆ ಪುಡಿ ಮಾಡುತ್ತೇನೆ ಅಂದನಂತೆ. ಸಾಮಾನ್ಯವಾಗಿ ಶತ್ರುಗಳು ಮಾಡಿದ್ದನ್ನು ಮುಚ್ಚಿಡುತ್ತಾರೆ, ಇವನು ಮುಚ್ಚಿಡಲಿಲ್ಲ, ಇವನು ನಮ್ಮವನಾಗಲು ತಕ್ಕವನು ಅಂತ ಚೆಂಗೀಸ್ ಜೊತೆಗಿಟ್ಟುಕೊಂಡ. ಹೆಸರನ್ನೇ ಬದಲಿಸಿದ, ಜೆಬೆ ಅಂದರೆ ಬಾಣ.

ಬದೈ, ಕಿಶಿಲಿಕ್ ಅಂತ ಇಬ್ಬರು ಕುದುರೆ ಕಾಯುವವರಿದ್ದರು. 1203ರಲ್ಲಿ ಧಣಿಯ ಡೇರೆಗೆ ಹಾಲು ಕೊಡಲು ಹೋದಾಗ, ತೆಮುಜಿನ್‌ನನ್ನು ಮೋಸದಿಂದ ಹಿಡಿಯುವ ಮಾತು ಕಿವಿಗೆ ಬಿತ್ತು. ರಾತ್ರಿಯೇ ಹೋಗಿ ಸುದ್ದಿ ಮುಟ್ಟಿಸಿದರು. ಹಾಲು ಕೊಡುತ್ತಿದ್ದ ಆ ಇಬ್ಬರು ಆಮೇಲೆ ತರ್ಖನ್‌ಗಳಾದರು, ಅಂದರೆ ಯುದ್ಧದಲ್ಲಿ ಸಿಕ್ಕಿದ್ದನ್ನು ಯಾರ ಜೊತೆಗೂ ಹಂಚಿಕೊಳ್ಳದೆ ಇಟ್ಟುಕೊಳ್ಳುವ ಹಕ್ಕು.

ಈ ಹಕ್ಕಿನ ಬೆಲೆ ತಿಳಿಯಬೇಕಾದರೆ ಕೊಳ್ಳೆಯ ಕಟ್ಟಳೆ ಗೊತ್ತಿರಬೇಕು. 1202ರಲ್ಲಿ ತಾತಾರರ ಮೇಲೆ ಹೋಗುವ ಮೊದಲು ತೆಮುಜಿನ್ ಒಂದು ಮಾತು ಹೇಳಿದ: ಗೆಲುವು ಪೂರ್ತಿ ಆಗುವವರೆಗೆ ಯಾರೂ ಕೊಳ್ಳೆಗೆ ಕೈ ಹಾಕಬಾರದು, ಆಮೇಲೆ ಎಲ್ಲ ಒಂದೆಡೆ ಸೇರಿಸಿ ಹಂಚೋಣ. ಅಲ್ಲಿಯವರೆಗೆ ಯುದ್ಧ ಅಂದ್ರೆ ಎದುರಾಳಿ ಓಡಿದ ತಕ್ಷಣ ಎಲ್ಲರೂ ಡೇರೆ ನುಗ್ಗೋದು, ಅಷ್ಟರಲ್ಲಿ ಓಡಿದವನು ತಿರುಗಿ ಬಂದು ಹೊಡೆಯೋದು. ಅವನ ಚಿಕ್ಕಪ್ಪ ದಾರಿತೈ ಮತ್ತು ಅಲ್ತಾನ್, ಕುಚರ್ ಅನ್ನುವ ಇಬ್ಬರು ನೆಂಟರು ಈ ಮಾತಿಗೆ ಕಿವಿಗೊಡಲಿಲ್ಲ. ಸಿಕ್ಕಿದ್ದೆಲ್ಲ ಬಾಚಿಕೊಂಡರು. ತೆಮುಜಿನ್ ಅದನ್ನೆಲ್ಲ ವಾಪಸ್ ಕಿತ್ತುಕೊಂಡ. ಕಿತ್ತುಕೊಳ್ಳಲು ಕಳಿಸಿದ್ದು ಯಾರನ್ನು ಗೊತ್ತಾ? ಜೆಬೆಯನ್ನು. ನಿನ್ನೆ ಮೊನ್ನೆ ಬಂದ ಶತ್ರು ಕಡೆಯವನು ಚಿಕ್ಕಪ್ಪನ ಹೊಟ್ಟೆಯಿಂದ ಕಕ್ಕಿಸುವುದು! ನೆಂಟರು ಮುನಿಸಿಕೊಂಡು ಎದುರು ಪಕ್ಷಕ್ಕೆ ಹೋದರು. ಹೋಗಲಿ ಅಂತ ಬಿಟ್ಟ.

ಇದರ ಇನ್ನೊಂದು ಮಗ್ಗುಲು ಹತ್ತೊಂಬತ್ತು ವರ್ಷ ಆದಮೇಲೆ ಅಫ್ಘಾನಿಸ್ತಾನದ ಪರ್ವಾನ್‌ನಲ್ಲಿ ಕಾಣುತ್ತೆ. ಈ ಕಾಳಗದ ಬಗ್ಗೆ ಎಷ್ಟು ಸಲ ಓದಿದರೂ ನನಗೆ ಬೇಜಾರಾಗಿಲ್ಲ.

1221. ಮಧ್ಯ ಏಷ್ಯಾದ ಖ್ವಾರಜ್ಮ್ ರಾಜ್ಯದ ಸುಲ್ತಾನನ ಮಗ ಜಲಾಲುದ್ದೀನ್ ಸೈನ್ಯ ಕಟ್ಟಿಕೊಂಡು ನಿಂತಿದ್ದ. ಚೆಂಗೀಸ್ ತಾನು ಸಾಕಿಕೊಂಡು ಬೆಳೆಸಿದ ಶಿಗಿ ಕುತುಕುವನ್ನು ಕಳಿಸಿದ. ಮೊದಲ ದಿನ ಸರಿಹೋಗಲಿಲ್ಲ. ರಾತ್ರಿ ಕುತುಕು ಒಂದು ಉಪಾಯ ಮಾಡಿದ. ಖಾಲಿ ಇದ್ದ ಬದಲಿ ಕುದುರೆಗಳ ಮೇಲೆ ಕಂಬಳಿಯ ಗೊಂಬೆ ಮಾಡಿ ಕೂರಿಸಿ, ಹಿಂದೆ ಸಾಲಾಗಿ ನಿಲ್ಲಿಸಿದ. ನಮ್ಮ ಹೊಲದ ಬೆದರುಬೊಂಬೆ ಇದ್ದ ಹಾಗೆ. ಬೆಳಗ್ಗೆ ನೋಡಿದ ಜಲಾಲುದ್ದೀನನ ಕಡೆಯವರು ಮಂಗೋಲರಿಗೆ ಹೊಸ ಸೈನ್ಯ ಬಂತು ಅಂತ ಹೆದರಿದರು, ಆದರೆ ಜಲಾಲುದ್ದೀನ್ ಹೆದರಲಿಲ್ಲ. ಕುತುಕು ಸೋತ. ಮಂಗೋಲರಿಗೆ ಆ ದಂಡಯಾತ್ರೆಯಲ್ಲೇ ಇಂಥ ಸೋಲು ಆಗಿರಲಿಲ್ಲ.

ಗೆದ್ದವರ ಬಿಡಾರದಲ್ಲಿ ಅದೇ ದಿನ ಏನಾಯ್ತು ನೋಡಿ. ಕೊಳ್ಳೆಯಲ್ಲಿ ಸಿಕ್ಕ ಒಂದು ಕುದುರೆಗಾಗಿ ಇಬ್ಬರು ಸರದಾರರು ಜಗಳಕ್ಕೆ ಬಿದ್ದರು. ಒಂದೇ ಒಂದು ಕುದುರೆ. ಅಮೀನ್ ಮಲಿಕ್ ಅನ್ನುವವನು ಇಗ್ರಾಕ್ ಅನ್ನುವವನ ತಲೆಗೆ ಚಾಟಿಯಲ್ಲಿ ಬಾರಿಸಿದ. ಜಲಾಲುದ್ದೀನ್ ಅಮೀನನನ್ನು ಕೇಳುವ ಧೈರ್ಯ ಮಾಡಲಿಲ್ಲ, ಅವನ ಕಡೆಯವರು ಬಿಟ್ಟು ಹೋದಾರೆಂಬ ಅಂಜಿಕೆ. ಆದರೆ ಇಗ್ರಾಕ್ ಸುಮ್ನಿರಲಿಲ್ಲ. ರಾತ್ರಿಯೇ ತನ್ನವರನ್ನೆಲ್ಲ ಕರೆದುಕೊಂಡು ಬೆಟ್ಟದ ದಾರಿ ಹಿಡಿದ. ಗೆದ್ದ ಸೈನ್ಯ ಅರ್ಧಕ್ಕರ್ಧ ಖಾಲಿ.

ಸೋತವರ ಕಡೆ? ಚೆಂಗೀಸ್ ಕುತುಕುವಿನ ತಲೆ ತೆಗೆಯಲಿಲ್ಲ. ಇವನಿಗೆ ಇಷ್ಟು ದಿನ ಬರೀ ಗೆದ್ದು ಅಭ್ಯಾಸ, ಈಗ ಏಟು ತಿಂದಿದ್ದಾನೆ, ಇನ್ಮೇಲೆ ಹುಷಾರಾಗಿರುತ್ತಾನೆ ಅನ್ನುವ ಅರ್ಥದ ಮಾತು ಹೇಳಿದನಂತೆ. ಆಮೇಲೆ ಅದೇ ಕಾಳಗದ ಬಯಲಿಗೆ ಕುತುಕುವನ್ನು ಕರೆದುಕೊಂಡು ಹೋಗಿ, ನೀನು ಎಲ್ಲಿ ನಿಂತಿದ್ದೆ, ಅವನು ಎಲ್ಲಿದ್ದ, ಅಂತ ಒಂದೊಂದಾಗಿ ಕೇಳಿ, ಇಬ್ಬರೂ ಆರಿಸಿಕೊಂಡ ಜಾಗವೇ ಸರಿಯಿರಲಿಲ್ಲ ಅಂತ ತೋರಿಸಿಕೊಟ್ಟ. ಆ ಬಯಲಿನಲ್ಲಿ ನಡೆಯುತ್ತಾ ಕುತುಕುವಿಗೆ ಹೇಗನ್ನಿಸಿರಬೇಡ? ಬೈಗುಳ ತಿಂದಿದ್ದರೇ ವಾಸಿ ಅನ್ನಿಸಿರುತ್ತೆ. ಅದೇ ವರ್ಷ ನವೆಂಬರಿನಲ್ಲಿ ಸಿಂಧೂ ನದಿಯ ದಡದಲ್ಲಿ ಜಲಾಲುದ್ದೀನ್ ಸಿಕ್ಕಿಬಿದ್ದ, ಕುದುರೆ ಸಮೇತ ನದಿಗೆ ಹಾರಿ ಈಚೆ ದಡಕ್ಕೆ, ನಮ್ಮ ಕಡೆಗೆ, ಈಜಿಕೊಂಡು ಬಂದ.

ಈಗ ಶೀರ್ಷಿಕೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕ್ಯಾಂಪಿನಲ್ಲಿ ಒಬ್ಬ ಸೀನಿಯರ್ ಇದ್ದ. ಓಟದಲ್ಲಿ ಪದಕ ಗೆದ್ದವನು, ಸುಸ್ತು ಅನ್ನೋದೇ ಗೊತ್ತಿಲ್ಲ. ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ ಓಡಿಸುತ್ತಾ, ಏನ್ರೋ ಇಷ್ಟಕ್ಕೇ ಸಾಕಾ ಅಂತ ನಗುತ್ತಿದ್ದ. ಕೆಟ್ಟವನಲ್ಲ, ಅವನಿಗೆ ನಿಜಕ್ಕೂ ಅರ್ಥ ಆಗುತ್ತಿರಲಿಲ್ಲ. ಐದನೇ ದಿನ ಒಬ್ಬ ಹುಡುಗ ಕಣ್ಣು ಕತ್ತಲೆ ಬಂದು ಬಿದ್ದ. ಇವನು ನೀರು ತಂದ, ಗಾಬರಿಯಾದ, ಆದರೂ ಮುಖದಲ್ಲಿ ಇದ್ದದ್ದು ಆಶ್ಚರ್ಯ.

ಚೆಂಗೀಸ್ ಹೇಳಿದ ಮಾತುಗಳು ಅಂತ ಪರ್ಷಿಯನ್ ಇತಿಹಾಸಕಾರರು ಕೆಲವನ್ನು ಬರೆದಿಟ್ಟಿದ್ದಾರೆ. ಅದರಲ್ಲಿ ಒಂದು ಒಬ್ಬ ವೀರನ ಬಗ್ಗೆ. ಅವನಂಥ ಗಂಡು ಇನ್ನೊಬ್ಬನಿಲ್ಲ, ಎಷ್ಟು ದೂರ ಹೋದರೂ ದಣಿಯುವುದಿಲ್ಲ, ಹಸಿವು ಬಾಯಾರಿಕೆ ಆಗುವುದಿಲ್ಲ. ಜೊತೆಗೆ ಇರುವವರೆಲ್ಲ ತನ್ನ ಹಾಗೇ ಅಂದುಕೊಳ್ಳುತ್ತಾನೆ. ಅದಕ್ಕೇ ಅವನು ನಾಯಕನಾಗಲು ತಕ್ಕವನಲ್ಲ. ಹಸಿವು ಬಾಯಾರಿಕೆ ತನಗೆ ಆಗುವವನು ಮಾತ್ರ ಬೇರೆಯವರ ಹಸಿವು ಅಳೆಯಬಲ್ಲ, ದಂಡು ದಣಿಯದ ಹಾಗೆ, ಕುದುರೆ ಸೊರಗದ ಹಾಗೆ ನಡೆಸಬಲ್ಲ. ಇದು ಆ ಮಾತಿನ ತಾತ್ಪರ್ಯ.

ಇದನ್ನು ಮೊದಲ ಸಲ ಓದಿದಾಗ ಆ ಸೀನಿಯರ್ ಮುಖ ಕಣ್ಣ ಮುಂದೆ ಬಂತು. ಹದಿಮೂರನೇ ಶತಮಾನದ, ಓದು ಬರಹ ಗೊತ್ತಿಲ್ಲದ ಒಬ್ಬ ಅಲೆಮಾರಿ ಇದನ್ನು ಹೇಳಿದ್ದಾನೆ. ಇವತ್ತಿಗೂ ಆಫೀಸುಗಳಲ್ಲಿ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕುವವನನ್ನೇ ಹುಡುಕಿ ಮೇಲೆ ಕೂರಿಸುತ್ತೇವೆ.

ಹೊಗಳಿಕೆ ಜಾಸ್ತಿ ಆಯಿತು, ಇನ್ನೊಂದು ಕಡೆಯನ್ನೂ ಹೇಳಿಬಿಡಬೇಕು. ಈ ಹತ್ತರ ಲೆಕ್ಕವೇ ಊರು ಬಿದ್ದ ಮೇಲೆ ಕೊಲ್ಲುವ ಲೆಕ್ಕವೂ ಆಗುತ್ತಿತ್ತು. ಜನರನ್ನು ಹೊರಗೆ ಬಯಲಿಗೆ ತಂದು, ತುಕಡಿಗಳಿಗೆ ಹಂಚಿ, ಇಷ್ಟಿಷ್ಟು ನಿನ್ನ ಪಾಲು ಅಂತ. ಕಸುಬು ಗೊತ್ತಿದ್ದವರನ್ನು ಬೇರೆ ಮಾಡಿ ಉಳಿಸಿಕೊಳ್ಳುತ್ತಿದ್ದರು. ಸೆರೆ ಸಿಕ್ಕ ಯುವಕರನ್ನು ಮುಂದಿನ ಊರಿನ ಕೋಟೆಯ ಮುಂದೆ ತಮಗಿಂತ ಮೊದಲು ಅಟ್ಟುತ್ತಿದ್ದರು. ಅಚ್ಚುಕಟ್ಟು ಅನ್ನೋದು ಎಲ್ಲ ಕೆಲಸಕ್ಕೂ ಬರುತ್ತೆ, ಅದಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ.

ನಮ್ಮ ಕನ್ನಡ ನಾಡಿಗೆ ಮಂಗೋಲರು ಬರಲಿಲ್ಲ, ಅವರ ನೆರಳು ಬಂತು. 1306ರಲ್ಲಿ ಅಲಾವುದ್ದೀನ್ ಖಿಲ್ಜಿಯ ಕಡೆಯಿಂದ ಮಂಗೋಲರನ್ನು ಹೊಡೆದು ಓಡಿಸಿದ ಮಲಿಕ್ ಕಾಫೂರನೇ 1311ರಲ್ಲಿ ದ್ವಾರಸಮುದ್ರಕ್ಕೆ, ಈಗಿನ ಹಳೇಬೀಡಿಗೆ, ಮುತ್ತಿಗೆ ಹಾಕಿದ್ದು. ಆ ಸೈನ್ಯ ಪಳಗಿದ್ದು ಯಾರ ಎದುರು ಅಂತ ಯೋಚಿಸಿ. ದೆಹಲಿಯ ಸುಲ್ತಾನರ ದಂಡಿನಲ್ಲೂ ಹತ್ತು, ನೂರರ ಲೆಕ್ಕವೇ ಇತ್ತು. ನೂರರ ಸರದಾರರಿಗೆ ಅಮೀರಾನ್-ಎ-ಸದಾ ಅನ್ನುತ್ತಿದ್ದರು. ಅವರು ತುಘಲಕನ ಮೇಲೆ ದಂಗೆ ಎದ್ದೇ 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ್ದು, ಕಲಬುರಗಿ ರಾಜಧಾನಿ ಆಗಿದ್ದು. ಅಂದಹಾಗೆ ಅಲ್ಲಿ ಮನೆಮನೆಯಲ್ಲಿ ಕೇಳಿಬರುವ ಉರ್ದು ಅನ್ನುವ ಹೆಸರೂ ದಂಡಿನ ಬಿಡಾರ ಅನ್ನುವ ಅರ್ಥದ ಓರ್ದು ಅನ್ನುವ ಪದವೇ, ಮಂಗೋಲರ ಬಾಯಲ್ಲೂ ಅದೇ ಪದ.

ಚೆಂಗೀಸ್ ಹೋದಮೇಲೆ ಇದೆಲ್ಲ ಎಷ್ಟು ದಿನ ಉಳಿಯಿತು? ರಷ್ಯಾ ಕಡೆಯ ದಂಡಯಾತ್ರೆಯಲ್ಲಿ ಚೆಂಗೀಸ್‌ನ ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರೂ ಇದ್ದರು. ಗೆಲುವಿನ ಔತಣದಲ್ಲಿ ಅವರಲ್ಲೊಬ್ಬನಾದ ಬತು, ತಾನು ಹಿರಿಯ ಅಂತ, ಎಲ್ಲರಿಗಿಂತ ಮೊದಲು ಒಂದೆರಡು ಬಟ್ಟಲು ಕುಡಿದ. ಅಷ್ಟಕ್ಕೇ ಗುಯುಕ್ ಮತ್ತು ಬುರಿ ಅನ್ನುವ ಇನ್ನಿಬ್ಬರು ಸಿಡಿದೆದ್ದರು. ಗಡ್ಡ ಬಂದ ಮುದುಕಿ ಅಂತೆಲ್ಲ ಬೈದು ಔತಣ ಬಿಟ್ಟು ಕುದುರೆ ಹತ್ತಿ ಹೋದರು. ಬತು ದೂರು ಕಳಿಸಿದ. ಆಗ ಖಾನ್ ಆಗಿದ್ದವನು ಒಗೆದೈ, ಚೆಂಗೀಸ್‌ನ ಮಗ, ಗುಯುಕ್‌ನ ಅಪ್ಪ. ಅವನು ಮಗನಿಗೆ ಬೈದದ್ದನ್ನು ಮಂಗೋಲರ ಹಳೇ ವೃತ್ತಾಂತ ಒಂಚೂರೂ ಮುಚ್ಚಿಡದೆ ಹೇಳುತ್ತೆ. ದಾರಿಯುದ್ದಕ್ಕೂ ಕುಂಡಿ ಇದ್ದವರ ಕುಂಡಿಗೆಲ್ಲ ಹೊಡೆಸಿದೆಯಂತೆ, ಸೈನಿಕರ ಮುಖ ಬಾಡಿಸಿದೆಯಂತೆ, ನಿನ್ನ ಸಿಟ್ಟಿಗೆ ಹೆದರಿ ರಷ್ಯದವರು ಶರಣಾದರು ಅಂದುಕೊಂಡೆಯಾ? ಸುಬುತೈನ ನೆರಳಲ್ಲಿ ನಡೆದು ಬಂದೆ, ಒಂದು ಮೇಕೆಮರಿಯ ಗೊರಸನ್ನೂ ನೀನಾಗಿ ಗೆದ್ದು ತಂದಿಲ್ಲ! ಆಮೇಲೆ ಹಿರಿಯರು, ಬಯಲಿನ ವಿಷಯ ಬಯಲಿನಲ್ಲೇ ತೀರಬೇಕು ಅನ್ನೋದು ಚೆಂಗೀಸ್‌ನ ಕಟ್ಟಳೆ, ಇದನ್ನು ಬತುವಿಗೇ ಬಿಡಿ ಅಂದರು. ಒಗೆದೈ ಒಪ್ಪಿದ.

1241ರಲ್ಲಿ ಒಗೆದೈ ಸತ್ತ. 1246ರ ಆಗಸ್ಟಿನಲ್ಲಿ, ಮಂಗೋಲರ ರಾಜಧಾನಿ ಕಾರಕೋರಂ ಹತ್ತಿರದ ಬಿಡಾರದಲ್ಲಿ ಹೊಸ ಖಾನ್‌ನನ್ನು ಗದ್ದುಗೆಗೆ ಏರಿಸಿದರು. ಅದೇ ಗುಯುಕ್. ಬತು ಬರಲಿಲ್ಲ. ಜನಜಂಗುಳಿಯ ನಡುವೆ ಪೋಪನ ದೂತ ಕಾರ್ಪಿನಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ಊರಿಗೆ ವಾಪಸ್ ಹೋಗಿ, ನಮ್ಮ ಸೈನ್ಯಗಳೂ ಇವರ ಹಾಗೆ ಹತ್ತು, ನೂರು, ಸಾವಿರಕ್ಕೆ ಒಬ್ಬೊಬ್ಬ ನಾಯಕನನ್ನು ಇಟ್ಟುಕೊಳ್ಳಬೇಕು ಅಂತ ಬರೆದ.